ಕೋಟಿನ ಮೇಲಿನ ಹನ್ನೊಂದು ರಿಬ್ಬನ್

ಆ ವರ್ಷ ನಮ್ಮ ಗುಡ್ಡದವರೆಲ್ಲ ಬಾಯಿ ತೆರೆಯುವ ಮೊದಲು ಹಿಂದೆ ತಿರುಗಿ ನೋಡುವುದನ್ನು ಕಲಿತರು. ಬ್ರೆಜಿಲ್ ಜರ್ಮನಿಯ ಮೇಲೆ ಯುದ್ಧ ಸಾರಿತ್ತು. ಜರ್ಮನಿಯಿಂದ ವಲಸೆ ಬಂದ ಮುತ್ತಜ್ಜಂದಿರ ಕಾಲದಿಂದ ಬ್ರೆಜಿಲ್ಲಿನ ಈ ಗುಡ್ಡದಲ್ಲೇ ಕಾಫಿ ಬೆಳೆದುಕೊಂಡಿದ್ದ ನಾವು ದಿನ ಬೆಳಗಾಗುವುದರಲ್ಲಿ ಶತ್ರುಗಳಾದೆವು. ಮನೆಯಲ್ಲಿ ನಾವಾಡುವ ಪೊಮೆರಾನ್ ಎಂಬ ಜರ್ಮನ್ ನುಡಿ ಅಪರಾಧವಾಯಿತು. ಅಂಗಡಿ, ರಸ್ತೆ, ಚರ್ಚು ಎಲ್ಲ ಕಡೆ ಪೋರ್ಚುಗೀಸ್ ಒಂದೇ. ನಮ್ಮಲ್ಲಿ ಅರ್ಧ ಜನಕ್ಕೆ ಆ ಭಾಷೆಯಲ್ಲಿ ಉಪ್ಪು ಕೇಳಲೂ ಬರುತ್ತಿರಲಿಲ್ಲ.

ಕದ ಮುಚ್ಚಿಕೊಂಡು ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಿಸುತ್ತಿದ್ದ ಪಾದ್ರಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಪೊಲೀಸರಿಗೆ ಸುಳಿವು ಕೊಟ್ಟವರು ಯಾರು ಎಂಬುದೊಂದೇ ಆಗ ಎಲ್ಲರ ತಲೆಯಲ್ಲಿ. ನಾನಂತೂ ಫ್ಲೋರೆಂಟಿನ್ ತೇಷ್ ಎಂದು ತೀರ್ಮಾನಿಸಿಬಿಟ್ಟಿದ್ದೆ. ನಮ್ಮ ಪಕ್ಕದ ತೋಟದವನು. ಊರಲ್ಲೆಲ್ಲ ನೀರು ಕುಡಿದಂತೆ ಪೋರ್ಚುಗೀಸ್ ಮಾತಾಡುವವನು ಅವನೊಬ್ಬನೇ. ಪೇಟೆಯ ಹೋಟೆಲಿನಲ್ಲಿ ಠಾಣೆಯ ಕಾರ್ಪೊರಲ್ ಜೊತೆ ಕೂತು ಸಾರಾಯಿ ಕುಡಿಯುತ್ತಿದ್ದುದನ್ನು ಎರಡು ಸಲ ನಾನೇ ಕಂಡಿದ್ದೆ. ಇನ್ನೇನು ಸಾಕ್ಷಿ ಬೇಕು? ಅವನು ಬಂದರೆ ನಾವು ಮಾತು ನಿಲ್ಲಿಸಿ ಮೋಡ ನೋಡುತ್ತಿದ್ದೆವು.

ಇಂಥ ಹೊತ್ತಿನಲ್ಲಿ ನನ್ನ ಅಕ್ಕ ಹುಲ್ಡಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಕರೆಯುವುದು ಹೆಣ್ಣಿನ ತಮ್ಮನ ಕೆಲಸ. ಸಾರಾಯಿ ಬಾಟಲಿ ಹಿಡಿದು ಹೇಸರಗತ್ತೆಯ ಮೇಲೆ ಮನೆಮನೆಗೆ ಹೋಗಬೇಕು, ಮನೆಯವರ ಮುಂದೆ ನಿಂತು ಕರೆಯೋಲೆಯ ಪದ್ಯವನ್ನು ನಮ್ಮ ಮಾತಿನಲ್ಲೇ ಹೇಳಬೇಕು. ಕೇಳಿದ ಮನೆಯಾಕೆ ಒಪ್ಪಿಗೆಯ ಗುರುತಿಗೆ ತನ್ನ ಬಟ್ಟೆಯದೊಂದು ರಿಬ್ಬನ್ ಕತ್ತರಿಸಿ ಕರೆಯಲು ಬಂದವನ ಕೋಟಿಗೆ ಚುಚ್ಚುತ್ತಾಳೆ. ಪೋರ್ಚುಗೀಸಿನಲ್ಲಿ ಕರೆದರೆ ಅದು ಕರೆದ ಹಾಗಲ್ಲ, ಒಂದು ನರಪಿಳ್ಳೆಯೂ ಬರುವುದಿಲ್ಲ. ಪದ್ಯ ಹೇಳುವಾಗ ಸಿಕ್ಕಿಬಿದ್ದರೆ ನನಗೂ ಜೈಲು, ಕೇಳಿದ ಮನೆಗೂ ಜೈಲು.

"ತೇಷ್ ಮನೆಗೆ ನಾ ಹೋಗಲ್ಲ," ಎಂದೆ.

ಅಮ್ಮ ಹಿಟ್ಟಿನ ಕೈ ಹಾಗೇ ನಿಲ್ಲಿಸಿದಳು. "ಬುದ್ಧಿ ನೆಟ್ಟಗಿದ್ಯೇನೋ ಎರ್ಡ್‌ಮನ್? ಕರೀದೆ ಬಿಟ್ಟ ಮನೇವ್ರು ನಾಳೆ ನಮ್ ಹೆಣಕ್ಕೂ ಬರಲ್ಲ."

"ಬರೋದೇ ಬೇಡ. ಪೊಲೀಸರನ್ನ ಕರ್ಕೊಂಡು ಬರೋದಕ್ಕಿಂತ ವಾಸಿ."

"ನೀ ಕಣ್ಣಾರೆ ಕಂಡ್ಯಾ?"

ನಾನು ಬಾಟಲಿ ತೆಗೆದುಕೊಂಡು ಹೊರಟೆ.

ಹನ್ನೊಂದು ಮನೆ ಮುಗಿಸಿದೆ. ಎಲ್ಲ ಕಡೆ ಕಿಟಕಿ ಮುಚ್ಚಿಸಿ, ಪಿಸುದನಿಯಲ್ಲಿ ಪದ್ಯ ಹೇಳಿದೆ. ಮದುವೆಗೆ ಕರೆಯುವ ಪದ್ಯವನ್ನು ಕಳ್ಳನ ಹಾಗೆ ಹೇಳಬೇಕಾಯಿತು. ಎಲ್ಲ ಹೆಂಗಸರೂ ತಪ್ಪದೆ ರಿಬ್ಬನ್ ಚುಚ್ಚಿದರು. ಕೆಂಪು, ಹಳದಿ, ರಾಷ್ ಮನೆಯ ಮಗುವಿನ ಜ್ಞಾನಸ್ನಾನದ ಅಂಗಿಯ ಗುಲಾಬಿ.

ತೇಷ್ ಮನೆಯ ಗೇಟಿನಲ್ಲಿ ಅವನ ಹೆಂಡತಿ ಆಲ್ವಿನಾ ಅತ್ತೆ ನಿಂತಿದ್ದಳು. ಕೈಯಲ್ಲಿ ನೀಲಿ ರಿಬ್ಬನ್ ಆಗಲೇ ಸಿದ್ಧವಾಗಿತ್ತು. ಹಾಳು ಹೇಸರಗತ್ತೆ, ಪ್ರತಿ ಗೇಟಿಗೂ ನಿಂತು ರೂಢಿಯಾಗಿತ್ತಲ್ಲ, ಅಲ್ಲೂ ನಿಂತುಬಿಟ್ಟಿತು. ನಾನು ಮುಖ ತಿರುಗಿಸಿ ಅದನ್ನು ಹಿಮ್ಮಡಿಯಿಂದ ಒದ್ದು ಮುಂದೆ ಓಡಿಸಿದೆ.

ಸೇತುವೆಯ ಮೇಲೆ ಕಾರ್ಪೊರಲ್ ಇಬ್ಬರು ಪೇದೆಗಳೊಂದಿಗೆ ನಿಂತಿದ್ದ. ಹೇಳಲಿಲ್ಲವೇ, ಚಾಡಿ ಮುಟ್ಟಿದೆ ಎಂದುಕೊಂಡೆ. ಬರುವಷ್ಟು ಪೋರ್ಚುಗೀಸಿನಲ್ಲಿ ನಮಸ್ಕಾರ ಹೇಳಿ ಬಾಯಿಗೆ ಬೀಗ ಹಾಕಿಕೊಂಡೆ. ಅವನು ಹತ್ತಿರ ಬಂದು ನನ್ನ ರಿಬ್ಬನ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದ.

"ಒಂದೊಂದಕ್ಕೂ ಒಂದೊಂದು ಮನೆ, ಅಲ್ವಾ? ನಾನೂ ಇದೇ ಸೀಮೆಯೋನು ಕಣಯ್ಯ. ಯಾರ್ಯಾರದು ಹೇಳು."

ನಾಲಿಗೆಯೊಂದನ್ನು ಕಾಯುತ್ತ ಊರೆಲ್ಲ ತಿರುಗಿದ ಜಾಣ ನಾನು, ಪದ್ಯ ಕೇಳಿದ ಮನೆಗಳ ಪಟ್ಟಿಯನ್ನು ಕೋಟಿನ ಮೇಲೇ ಚುಚ್ಚಿಸಿಕೊಂಡು ಬಂದಿದ್ದೆ. ಇಂಥ ಮುಠ್ಠಾಳತನ ಯಾರಾದರೂ ಮಾಡುತ್ತಾರೆಯೇ? ಕಪಾಳಕ್ಕೆ ಎರಡು ಬಿದ್ದರೂ ಹೆಸರು ಹೇಳಲಿಲ್ಲ. ಕೊನೆಗೆ ಕಾರ್ಪೊರಲ್, "ಆ ತೇಷ್‌ನ ಕರ್ಕೊಂಡು ಬನ್ನಿ. ಅವನಿಗೆ ಎಲ್ಲರ ಮನೆ ಬಟ್ಟೇನೂ ಗೊತ್ತಿರುತ್ತೆ," ಎಂದು ಪೇದೆಯನ್ನು ಅಟ್ಟಿದ. ನಮ್ಮ ಹನ್ನೊಂದು ಮನೆಯ ಕಥೆ ಮುಗಿಯಿತು ಎಂದುಕೊಂಡೆ.

ಫ್ಲೋರೆಂಟಿನ್ ಬಂದ. ನನ್ನಿಂದ ಬಿಚ್ಚಿಸಿದ್ದ ಕೋಟನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ನೋಡಿದ. ಗುಲಾಬಿ ರಿಬ್ಬನ್ ಅವನಿಗೆ ಗೊತ್ತಾಯಿತು, ಆ ಮಗುವಿನ ಜ್ಞಾನಸ್ನಾನಕ್ಕೆ ಅವನೂ ಬಂದಿದ್ದ. ಮತ್ತೆ ಮೊದಲಿಂದ ಹುಡುಕಿದ. ತನ್ನ ಮನೆಯ ನೀಲಿಯನ್ನು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅದು ಇಲ್ಲವೆಂದು ತಿಳಿದಾಗ ನನ್ನತ್ತ ಒಮ್ಮೆ ನೋಡಿದ, ಅಷ್ಟೇ.

"ಇವೆಲ್ಲ ನಮ್ಮನೆಯವೇ," ಎಂದ ಪೋರ್ಚುಗೀಸಿನಲ್ಲಿ. "ನನ್ನ ಹೆಂಡತಿ ಹೊಲಿಗೆ ಚಿಂದಿ. ಪದ್ಯ ಹೇಳು ಅಂತ ಈ ಹುಡುಗನ್ನ ಪೀಡಿಸಿದ್ದು ನಾನು."

"ಒಂದೇ ಮನೆಯಿಂದ ಹನ್ನೊಂದು?"

"ಅವಳ ಕೈ ಸ್ವಲ್ಪ ಧಾರಾಳ."

ಸುಳ್ಳು ಎಂದು ಕಾರ್ಪೊರಲ್‌ಗೂ ಗೊತ್ತಿತ್ತು. ಆದರೆ ಕರೆದೊಯ್ಯಲು ಒಬ್ಬ ತಪ್ಪೊಪ್ಪಿಕೊಂಡವನು ಸಿಕ್ಕಿದ್ದ, ಅವನಿಗೆ ಅಷ್ಟು ಸಾಕಾಗಿತ್ತು. ಫ್ಲೋರೆಂಟಿನ್ ಕೈಗೆ ಹಗ್ಗ ಬಿತ್ತು, ನನ್ನನ್ನು ಹುಡುಗನೆಂದು ಬಿಟ್ಟರು. ಕೋಟೂ ಅವನ ಜೊತೆಗೇ ಹೋಯಿತು.

ಮರುದಿನ ಬೆಳಿಗ್ಗೆ ಬರೀ ಅಂಗಿಯಲ್ಲಿ ಆಲ್ವಿನಾ ಅತ್ತೆಯ ಬಾಗಿಲಿಗೆ ಹೋದೆ.

"ಅತ್ತೆ, ಮಾವ ಆ ಕಾರ್ಪೊರಲ್ ಜೊತೆ ಕುಡೀತಿದ್ರಲ್ಲ, ಅದಕ್ಕೇ ನಾನು..."

"ಕುಡೀತಿದ್ದದ್ದಲ್ಲ, ಕುಡಿಸ್ತಿದ್ದದ್ದು. ಜೈಲಲ್ಲಿರೋ ಪಾದ್ರಿಗೆ ನಾನು ಸುಟ್ಟ ಜೋಳದ ರೊಟ್ಟಿ ಒಳಗೆ ಹೋಗ್ಬೇಕಿತ್ತಲ್ಲ." ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದು ಇನ್ನೂ ನೋಯಿಸಿತು.

ಪಾದ್ರಿಯ ಬಗ್ಗೆ ಸುಳಿವು ಕೊಟ್ಟವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಟೋಪಿ ತೆಗೆದೆ. ಬಾಗಿಲು ಮುಚ್ಚದೆ, ದನಿ ಇಳಿಸದೆ ಇಡೀ ಪದ್ಯ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ನೀಲಿ ರಿಬ್ಬನ್ ತಂದು ನನ್ನ ಅಂಗಿಗೆ ಚುಚ್ಚಿದಳು.

"ನನ್ನ ಕರೆದದ್ದಾಯ್ತು. ಮನೆ ಯಜಮಾನರ ಮುಂದೆ ಹೇಳ್ದೆ ಮನೆ ಕರೆದಂಗೆ ಆಗುತ್ತೇನಪ್ಪಾ? ಅವ್ರು ಠಾಣೇಲಿದಾರೆ. ಕಿಟಕಿ ರಸ್ತೆ ಕಡೆಗಿದೆ. ಗಟ್ಟಿಯಾಗಿ ಹೇಳು, ಕೇಳಿಸುತ್ತೆ."

ನಾನು ಹೇಸರಗತ್ತೆ ಹತ್ತಿ, ಅದರ ಮುಖವನ್ನು ಪೇಟೆಯ ದಾರಿಗೆ ತಿರುಗಿಸಿದೆ.