ತುಂಬದ ಪಾತಿ

ನಮ್ಮ ಯಜಮಾನರು ಮರಗೆಲಸದವರು. ಎರಡು ಹಲಗೆ ಸೇರುವ ಕಡೆ ಉಗುರು ತೂರುವಷ್ಟು ಸಂದು ಬಿಟ್ಟರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಕೈ ನಡುಗಲು ಶುರುವಾಗಿ ಉಳಿ ಕೆಳಗಿಟ್ಟ ಮೇಲೆ, ಹಿತ್ತಲಲ್ಲಿ ಸೊಪ್ಪಿಗೆ ಒಂದು ಪಾತಿ ಮಾಡುತ್ತೇನೆಂದು ಹೊರಟರು.

ಹೇಗೆ ಮಾಡಬೇಕೆಂದು ಮಗಳು ಹೇಳಿಕೊಟ್ಟು ಹೋಗಿದ್ದಳು. ನೆಲ ಅಗೆಯುವುದು ಬೇಡ. ನೆನೆಸಿದ ರಟ್ಟು ಹಾಸಬೇಕು, ಅದರ ಮೇಲೆ ಒಣ ಎಲೆ, ಆಮೇಲೆ ಹಸಿ ಹುಲ್ಲು, ತರಕಾರಿ ಸಿಪ್ಪೆ, ಸಗಣಿ, ಮತ್ತೆ ಒಣ ಎಲೆ. ಹೀಗೆ ಮೊಣಕಾಲೆತ್ತರ ಪೇರಿಸಿ ಬಿಟ್ಟರೆ ತಿಂಗಳುಗಟ್ಟಲೆ ಕೊಳೆತು ತಾನೇ ಮಣ್ಣಾಗುತ್ತದೆ. "ಅಪ್ಪಾ, ತುಳೀಬೇಡ. ಒಳಗೆ ಗಾಳಿ ಆಡ್ಬೇಕು," ಎಂದು ಹೋಗುವಾಗಲೂ ಹೇಳಿದ್ದಳು.

ಸಂದು ಕಂಡರೆ ಸುಮ್ಮನಿರುವವರೇ ಇವರು? ಹಲಗೆಯ ಚೌಕಟ್ಟು ಹೊಡೆದು, ಪ್ರತಿ ಪದರಕ್ಕೂ ಬರಿಗಾಲಲ್ಲಿ ಒಳಗಿಳಿದು ಗಟ್ಟಿಯಾಗಿ ತುಳಿದರು.

ಮರುದಿನ ನೋಡಿದರೆ ಚೌಕಟ್ಟು ಖಾಲಿ. ರಟ್ಟಿಲ್ಲ, ಎಲೆಯಿಲ್ಲ, ಸಿಪ್ಪೆಯ ವಾಸನೆಯೂ ಇಲ್ಲ. ಗುಡಿಸಿಟ್ಟಂತೆ ಬರೀ ಕರಿ ಮಣ್ಣು.

"ನಿಮ್ಮ ಸಿಪ್ಪೆ ಕದ್ದು ಯಾವ ಕಳ್ಳ ಮನೆ ಕಟ್ತಾನ್ರೀ?" ಎಂದು ನಕ್ಕೆ.

"ನಗು, ನಗು. ನಾಯಿ ಎಳ್ಕೊಂಡು ಹೋಗಿರುತ್ತೆ."

"ರಟ್ಟು ತಿನ್ನೋ ನಾಯೀನಾ?"

ಮತ್ತೆ ತುಂಬಿದರು, ಮತ್ತೆ ತುಳಿದರು. ಮತ್ತೆ ಖಾಲಿ. ಪಕ್ಕದ ಮನೆಯ ಟೈಲರಮ್ಮ ಹತ್ತಿಬಟ್ಟೆಯ ಚೂರುಗಳನ್ನು ಮೂಟೆ ಕಟ್ಟಿ ತಂದುಕೊಟ್ಟಳು. ಅದೂ ಹೋಯಿತು. ಕೈಯಿಟ್ಟು ನೋಡಿದರೆ ಮಣ್ಣು ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.

ಒಂದು ದಿನ ತುಳಿದು ಬಂದವರು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದರು. "ನೋಡೇ ಇಲ್ಲಿ. ಹಿಮ್ಮಡಿ ಒಡಕೆಲ್ಲ ಮಾಯ! ಎಷ್ಟು ಮುಲಾಮು ಬಳಿದಿದ್ದೆ ನೀನು, ದಂಡ."

ಅಂಗಾಲು ಎಳೆಮಗುವಿನದರಷ್ಟು ನುಣುಪಾಗಿತ್ತು. ನಾನೂ ನಗಬೇಕೆಂದಿದ್ದೆ. ಮದುವೆಯ ಹೊಸತರಲ್ಲಿ ಉಳಿ ಬಿದ್ದು ಪಾದದ ಮೇಲೆ ಒಂದು ಕಲೆಯಾಗಿತ್ತು; ರಕ್ತ ಒರೆಸಿದವಳು ನಾನೇ. ಅದೂ ಇರಲಿಲ್ಲ. ಕಿರುಬೆರಳಿನ ಉಗುರೂ ಇರಲಿಲ್ಲ.

"ನೋವಾಗಲ್ವಾ?"

"ಎಲ್ಲಿ ನೋವು? ಹಿತವಾಗಿರುತ್ತೆ. ಯಾರೋ ಕಾಲೊತ್ತಿದ ಹಾಗೆ."

ಅಂದಿನಿಂದ ಅವರು ಏನೂ ಹಾಕದೆಯೇ ಇಳಿಯತೊಡಗಿದರು. ಬೇಡವೆಂದೆ, ಬೈದೆ, ಮಾತು ಬಿಟ್ಟೆ. ಚೌಕಟ್ಟು ಕೀಳಲು ಹೋದರೆ ಕೈ ಹಿಡಿದುಕೊಂಡು, "ಒಂದು ಪಾತಿಗೂ ನಾನು ಲಾಯಕ್ಕಿಲ್ವೇನೇ?" ಎಂದರು. ಆ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತಿಗೆ ಕುಂಟುತ್ತಿದ್ದರು. ಕಿರುಬೆರಳೇ ಹೋಗಿತ್ತು, ಗಾಯವಿಲ್ಲ, ರಕ್ತವಿಲ್ಲ. ಹೇಳಿದರೆ, "ಎಲ್ಲಿ? ಇದೆಯಲ್ಲ," ಎನ್ನುತ್ತಿದ್ದರು.

ಕೊನೆಗೆ ನನಗೆ ಹೊಳೆದದ್ದು ಒಂದೇ. ಖಾಲಿ ಕಂಡರೆ ತಾನೇ ಇಳಿಯುವುದು? ತುಂಬಿ ಕಂಡರೆ ಗೆದ್ದೆನೆಂದುಕೊಂಡು ಸುಮ್ಮನಾಗುತ್ತಾರೆ. ಅವರು ಏಳುವ ಮೊದಲೇ ಎದ್ದು ನಾನೇ ತುಂಬತೊಡಗಿದೆ. ಬೀದಿಯ ಎಲೆಯೆಲ್ಲ ಮುಗಿಯಿತು. ಹಳೆ ಸೀರೆ, ದಿಂಬಿನ ಹತ್ತಿ, ಪೊರಕೆ, ಚಾಪೆ, ಎಲ್ಲ ಹಾಕಿದೆ. ಅವರು ಬಂದು ನೋಡಿ, "ನಿಂತಿದೆ ಕಣೇ, ಈಗ ನಿಂತಿದೆ!" ಎಂದು ಹಿಗ್ಗುತ್ತಿದ್ದರು.

ಮೊನ್ನೆ ಹಾಕಲು ಏನೂ ಉಳಿದಿರಲಿಲ್ಲ. ಒಳಗೆ ಅವರ ಕೆಮ್ಮು ಕೇಳಿಸಿತು, ಎದ್ದಿದ್ದರು. ಅಡುಗೆಮನೆಯ ಕತ್ತರಿ ತಂದು ಜಡೆಯನ್ನು ಬುಡದಲ್ಲೇ ಕತ್ತರಿಸಿ ಮಣ್ಣಿನ ಮೇಲಿಟ್ಟೆ. ಮಣ್ಣು ಮೆಲ್ಲಗೆ ಉಬ್ಬಿ ಹಲಗೆಯ ಅಂಚಿನವರೆಗೆ ಬಂದು ನಿಂತಿತು.

ಅವರು ಕುಂಟುತ್ತ ಬಂದರು, ಹಲಗೆ ತಟ್ಟಿ, "ಚಹಾ ಆಯ್ತಾ?" ಎಂದರು. ನನ್ನ ತಲೆಯ ಕಡೆ ನೋಡಲೇ ಇಲ್ಲ.

ಉಬ್ಬಿದ ಮಣ್ಣು ಇನ್ನೂ ಇಳಿದಿಲ್ಲ. ಹಿತ್ತಲಿಗೆ ಹೋದರೆ ಮಣ್ಣು ನನ್ನ ಕಡೆಗೆ ಸ್ವಲ್ಪ ವಾಲುತ್ತದೆ. ಅವರು ಪಕ್ಕದಲ್ಲೇ ನಿಂತಿದ್ದರೂ ಈಗ ಅದು ವಾಲುವುದು ನನ್ನ ಕಡೆಗೇ. ಅವರನ್ನು ಬಿಟ್ಟಿತಲ್ಲ, ಅಷ್ಟಾದರೆ ಸಾಕು.