ಮುಯ್ಯಾಳು ಕಂಪನಿಯ ಖರೀದಿ

ತನ್ನ ಕಂಪನಿ ಮಾರಾಟವಾಗಿದೆ ಎಂಬುದು ಪ್ರಮಿಳಾಗೆ ಗೊತ್ತಾದದ್ದು ಖಾನಾಪುರ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ ಫ್ಲೆಕ್ಸಿನಿಂದ. ಅದರಲ್ಲಿ ‘ಕೃಷಿಗರುಡ’ ಕಂಪನಿಯ ಮಾಲೀಕ ಬಸವಪ್ರಸಾದ ಕೈ ಮುಗಿದು ನಿಂತಿದ್ದ. ಕೆಳಗೆ, ‘ಮುಯ್ಯಾಳು ಆ್ಯಪ್ ಇನ್ನು ನಮ್ಮ ಮನೆಯ ಮಗಳು’ ಎಂದು ಬರೆದಿತ್ತು. ಮರುದಿನ ಅದರ ಬಾಜೂಕ್ಕೇ, ಒಂದು ಮೊಳ ಎತ್ತರದ ಇನ್ನೊಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ‘ಹಸಿರುಬಾಣ’ ಕಂಪನಿಯ ಅನಿಕೇತ ಕಪ್ಪು ಕನ್ನಡಕ ಹಾಕಿಕೊಂಡು, ‘ಮಗಳನ್ನು ಕದಿಯುವವರಿದ್ದಾರೆ, ಎಚ್ಚರ’ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಖರೀದಿಗೆ ಕೇಳಿದ ಇಬ್ಬರಿಗೂ ಪ್ರಮಿಳಾ ಹೇಳಿದ್ದು ‘ವಿಚಾರ ಮಾಡ್ತೇನ್ರಿ’ ಎಂಬ ಒಂದೇ ಮಾತು. ಕನ್ಯೆ ಕೊಡುವವರು ಹೂಂ ಅನ್ನುವ ಮೊದಲೇ ಇಬ್ಬರು ವರರು ಹಂದರ ಹಾಕಿ ಕೂತಿದ್ದರು.

ಇಬ್ಬರ ಕಚೇರಿಯೂ ಟಿಳಕವಾಡಿಯ ಒಂದೇ ರಸ್ತೆಯಲ್ಲಿ, ಎದುರುಬದುರು. ಒಬ್ಬ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಬೈದರೆ ಇನ್ನೊಬ್ಬ ಮಧ್ಯಾಹ್ನ ಪತ್ರಿಕಾಗೋಷ್ಠಿ ಕರೆದು ಬೈಯುತ್ತಿದ್ದ. ಹಸಿರುಬಾಣದವರು ರೈತರ ಮಾಹಿತಿ ಮಾರಿಕೊಂಡು ತಿನ್ನುವವರು ಎಂದು ಬಸವಪ್ರಸಾದ. ಕೃಷಿಗರುಡದ ಮಾಲೀಕರಿಗೆ ಭತ್ತ ಯಾವುದು, ಹುಲ್ಲು ಯಾವುದು ತಿಳಿಯದು ಎಂದು ಅನಿಕೇತ. ಎರಡೂ ಖರೆ ಎಂದು ಅವರವರ ನೌಕರರೇ ಚಹಾದಂಗಡಿಯಲ್ಲಿ ಕೂತು ನಗುತ್ತಿದ್ದರು. ಎರಡೂ ಕಡೆಯ ಉಪ್ಪಿಟ್ಟು ಚಲೋ ಇದ್ದುದರಿಂದ ಪತ್ರಕರ್ತರು ಯಾರ ಪಕ್ಷವನ್ನೂ ವಹಿಸಲಿಲ್ಲ.

ಆ ಆ್ಯಪ್ಪಿನಲ್ಲಿ ಅಂಥದ್ದೇನಿತ್ತು? ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ ಎಂಬ ಮುಯ್ಯಾಳಿನ ಪದ್ಧತಿ ಆ ಕಡೆಯ ಭತ್ತದಷ್ಟೇ ಹಳೆಯದು. ಅದರಲ್ಲಿ ಕೂಲಿಯ ಮಾತಿಲ್ಲ. ಬಂದ ಆಳಿಗೆ ಆಳಾಗಿಯೇ ತೀರಿಸಬೇಕು. ಯಾರು ಯಾವತ್ತು ಯಾರ ಗದ್ದೆಗೆ ಎಂಬುದನ್ನು ಫೋನು ಹೆಂಗಸರಿಗೆ ಅವರದೇ ಧಾಟಿಯಲ್ಲಿ, ಕನ್ನಡದಲ್ಲೋ ಮರಾಠಿಯಲ್ಲೋ, ಹೇಳುವಂತೆ ಪ್ರಮಿಳಾ ಮಾಡಿದ್ದಳು. ಫೋನಿಗೆ ಆ ಮಾತು ಕಲಿಸಿದವರು ಅವಳ ತವರೂರು ಬೀಡಿಯ ಹೆಂಗಸರು. ಅವಳ ಚಿಗವ್ವ ಮಾಯವ್ವ ತನ್ನ ಗುಂಪನ್ನೇ ಕಟ್ಟಿಕೊಂಡು, ಹೊಲದ ಕೆಲಸ ಬಿಟ್ಟು ಬಂದು, ದಿನಗಟ್ಟಲೆ ಅವಳ ಮುಂದೆ ಕೂತು ಮಾತಾಡಿದ್ದಳು. ಅದೂ ಮುಯ್ಯಿಯೇ, ಕಂಪನಿ ಅದನ್ನು ಆಳಾಗಿಯೇ ತೀರಿಸುತ್ತದೆ ಎಂದು ಪ್ರಮಿಳಾ ಮಾತು ಕೊಟ್ಟಿದ್ದಳು. ಈಗ ಒಬ್ಬಳೇ ಎಳೆದು ಎಳೆದು ಸಾಕಾಗಿ ಮಾರಲು ಹೊರಟಿದ್ದಳು. ಮುಯ್ಯಿ ತೀರಿಸದೆ ಮಾರಿದರೆ ತವರಿನಲ್ಲಿ ಮುಖ ತೋರಿಸುವುದು ಹೇಗೆ? ಆ ಅಂಜಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಬಸವಪ್ರಸಾದನಿಗೆ ಫೋನ್ ಮಾಡಿ, “ಕಂಪನಿ ಮ್ಯಾಲೆ ಬೀಡಿಯವರ ಬಾಕಿ ಐತ್ರಿ ಸರ್,” ಎಂದಳು. ಅವನು ಪೂರ್ತಿ ಕೇಳಲಿಲ್ಲ. ಅಂದೇ ಗೋಷ್ಠಿ ಕರೆದು, ಆ ಕಂಪನಿಯ ಬಾಕಿಯೆಲ್ಲ ತನ್ನದು ಎಂದು ಎದೆ ತಟ್ಟಿಕೊಂಡ. ಅನಿಕೇತ ಬಿಡುತ್ತಾನೆಯೇ? ತಾನು ಖುದ್ದಾಗಿ ಬೀಡಿಗೆ ಹೋಗಿ ತೀರಿಸುತ್ತೇನೆ ಎಂದ. ತಾನು ಅವನಿಗಿಂತ ಮೊದಲು ಹೋಗುತ್ತೇನೆ ಎಂದು ಬಸವಪ್ರಸಾದ. ಇಷ್ಟೆಲ್ಲ ಸಾರಿದ ಮೇಲೆ ಬಾಕಿ ಎಷ್ಟು ಎಂದು ಕೇಳಲು ಇಬ್ಬರೂ ಪ್ರಮಿಳಾಗೆ ಫೋನ್ ಮಾಡಿದರು.

“ರೊಕ್ಕ ಅಲ್ಲರಿ,” ಎಂದಳು ಪ್ರಮಿಳಾ. “ಭತ್ತದ ನಾಟಿ ಹಚ್ಚಾಕ ಬರಬೇಕ್ರಿ.”

ಅನಿಕೇತ, “ಒಂದು ಮಶಿನ್ ಕಳಿಸಿದ್ರ ನಡೀತೈತೇನ್ರಿ ಮೇಡಂ?” ಎಂದ.

“ಮುಯ್ಯಿಗೆ ಮನಷ್ಯಾರ ಬರಬೇಕ್ರಿ.”

ಊರ ಮುಂದೆ ಆಡಿದ ಮಾತು, ಉಗುಳಿದ್ದನ್ನು ನುಂಗುವಂತಿರಲಿಲ್ಲ. ಎರಡು ಕಾರುಗಳು ದಾರಿಯುದ್ದಕ್ಕೂ ಒಂದನ್ನೊಂದು ಹಿಂದೆ ಹಾಕುತ್ತ ಬೀಡಿಗೆ ಬಂದವು. ಹಿಂದೆ ಕ್ಯಾಮೆರಾದವರು. ಮಾಯವ್ವ ಇಬ್ಬರನ್ನೂ ಗದ್ದೆಯ ಒಂದೇ ಮೂಲೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ ಕೈಗೆ ಸಸಿಯ ಕಟ್ಟು ಕೊಟ್ಟಳು.

“ಹಿಂದ ಹಿಂದ ಸರೀಬೇಕ್ರಿ ಸಾಹೇಬ್ರ,” ಎಂದಳು. “ಮುಂದ ಹೋದ್ರ ಹಚ್ಚಿದ್ದನ್ನ ನೀವ ತುಳೀತೀರಿ.”

ಹೇಳಿದ್ದು ಇಬ್ಬರಿಗೂ ತಿಳಿಯಿತು. ಆದರೆ ಬಸವಪ್ರಸಾದ ಕ್ಯಾಮೆರಾ ಕಂಡು ಒಂದು ಹೆಜ್ಜೆ ಮುಂದೆ ಬಂದ. ಅದನ್ನು ಕಂಡು ಅನಿಕೇತ ಎರಡು ಹೆಜ್ಜೆ ಬಂದ. ಎದುರಾಳಿ ಮುಂದಿರುವಾಗ ಹಿಂದೆ ಸರಿಯುವ ವಿದ್ಯೆ ಆ ಜೀವಗಳಿಗೆ ಯಾರೂ ಕಲಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮೂಲೆ ಎಮ್ಮೆ ಹೊರಳಿದ ಹಾಗೆ ಕಾಣುತ್ತಿತ್ತು. ಕ್ಯಾಮೆರಾದವರು ಹೊರಟುಹೋದರು. ಇಬ್ಬರೂ ಒಡ್ಡಿನ ಮೇಲೆ ಕುಸಿದು, ಒಂದೇ ಬುತ್ತಿಯ ರೊಟ್ಟಿಗೆ ಕೈ ಹಾಕಿದರು.

“ನಡಾ ಹೆಂಗೈತೋ ಅನಿಕೇತ?”

“ಮುರದ ಹೋತು, ಅಣ್ಣಾ.”

ಇಷ್ಟು ದಿನದಲ್ಲಿ ಒಬ್ಬರಿಗೊಬ್ಬರು ಆಡಿದ ಮೊದಲ ಖರೇ ಮಾತು ಅದು. ಊಟದ ಮೇಲೆ ಇಬ್ಬರೂ ಒಂದೇ ಕಾರು ಹತ್ತಿ ಹೋದರು.

ಮರುದಿನ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಕೆಸರುಗಾಲಿನ ಫೋಟೋ ಬಂತು. ‘ಮಣ್ಣಿನಲ್ಲಿ ಹುಟ್ಟಿದ ಸ್ನೇಹ: ಗರುಡ, ಬಾಣ ಇನ್ನು ಒಂದೇ ಕಂಪನಿ.’ ಮುಯ್ಯಾಳನ್ನು ಕೊಳ್ಳುವ ವಿಚಾರ ಕೈಬಿಡಲಾಗಿದೆ, ಪ್ರಮಿಳಾ ಮೇಡಂ ಅವರಿಗೆ ಶುಭ ಹಾರೈಕೆಗಳು ಎಂದು ಕೊನೆಯ ಸಾಲಿನಲ್ಲಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಗಂಡ ಹೆಂಡಿರು ರಾಜಿಯಾದ ಮೇಲೂ ಕೂಸು ಬಡವಾಯಿತು.

ಪ್ರಮಿಳಾಗೆ ಅಳು ಬಂತು; ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಕ್ಕ ಬಸ್ಸು ಹತ್ತಿ ಬೀಡಿಗೆ ಹೋಗಿ ಗದ್ದೆಯ ಒಡ್ಡಿನ ಮೇಲೆ ನಿಂತಳು.

“ಚಿಗವ್ವಾ, ಅವರು ಇನ್ನ ಬರೂದಿಲ್ಲಂತ. ಫ್ಲೆಕ್ಸ್ ಹಚ್ಚುವಾಗೂ ಕೇಳಲಿಲ್ಲ, ಬಿಟ್ಟು ಹೋಗುವಾಗೂ ಕೇಳಲಿಲ್ಲ. ನನ್ನ ಕಂಪನಿ ಅದು. ನನ್ನ ಒಂದು ಮಾತು ಕೇಳಬಾರದೇನು?”

ಮಾಯವ್ವ ಬಗ್ಗಿದವಳು ನೆಟ್ಟಗಾಗಲಿಲ್ಲ. “ಖರೇ ಐತಿ. ಕೇಳಬೇಕಾಗಿತ್ತು,” ಎಂದಳು. “ಮಾರಾಕ ನಿಂತಾಗ ನೀ ನಮ್ಮನ್ನ ಕೇಳಿದ್ದೇನ?”

ಸಾಲಿನಲ್ಲಿದ್ದ ಹೆಂಗಸರ್ಯಾರೂ ತಲೆ ಎತ್ತಲಿಲ್ಲ. ಮುಯ್ಯಿ ತೀರಿಸುವ ಚಿಂತೆಯಲ್ಲಿ ಪ್ರಮಿಳಾ ಬೆಂದಿದ್ದೇನೋ ನಿಜ. ಆದರೆ ಫೋನಿನೊಳಗೆ ಮಾತಾಡುವುದು ಇವರ ದನಿ, ಮಾರುವ ಮೊದಲು ಇವರನ್ನು ಒಂದು ಮಾತು ಕೇಳಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು.

“ನಿಂತ್ರ ಸಸಿ ಬಾಡತಾವ. ಬಾ, ಇಳಿ,” ಎಂದಳು ಮಾಯವ್ವ. “ಮೊದಲ ಆ ಮೂಲ್ಯಾಗಿಂದು ಕೀಳು. ಸಾಹೇಬ್ರು ಹಚ್ಚಿದ್ದು.”

ಪ್ರಮಿಳಾ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಇಬ್ಬರು ಮಾಲೀಕರು ನೆಟ್ಟು ತಾವೇ ತುಳಿದುಹೋದ ಸಸಿಗಳನ್ನು ಒಂದೊಂದಾಗಿ ಕಿತ್ತು, ಹಿಂದೆ ಹಿಂದೆ ಸರಿಯುತ್ತ ಮತ್ತೆ ನೆಡತೊಡಗಿದಳು.