ಕೇಳಿ ಇಳಿದ ದಾರಿ

ಮಣಿಕಟ್ಟಿನ ಹಳದಿ ಪಟ್ಟಿ ಮತ್ತೆ ತುರಿಸುತ್ತಿದೆ, ಆಸ್ಪತ್ರೆಯಲ್ಲಿ ಕಟ್ಟುತ್ತಾರಲ್ಲ ಅಂಥದೇ ಪಟ್ಟಿ, ಎಳೆದರೆ ಹರಿಯದು, ಬಿಚ್ಚಲು ಬಾರದು, ಅದರ ಮೇಲೊಂದು ದ್ರಾಕ್ಷಿಗೊಂಚಲು, ಗೊಂಚಲಿನ ಕೆಳಗೆ ಅತಿಥಿ ಎಂದು ಅಚ್ಚು ಹಾಕಿದ್ದಾರೆ — ಅತಿಥಿಯಂತೆ, ನಾನು, ಡೆಲ್ಫೀನಾ ಸಿಲ್ವೇರಾ, ಈ ದಾರಿಯಲ್ಲಿ ಅತಿಥಿಯಂತೆ, ನಡೆಯಲು ಕಲಿತದ್ದೇ ಈ ಇಳಿಜಾರಿನಲ್ಲಿ ಅಪ್ಪನ ಬೆಲ್ಟು ಹಿಡಿದುಕೊಂಡು, ಮುಂದೆ ಕೆಂಪು ಜಾಕೀಟು ಹಾಕಿಕೊಂಡು ಹೋಗುತ್ತಿರುವ ಈ ಗೈಡು ಬ್ರೆಂಟ್ ಹೋದ ವರ್ಷ ಕೊಲೊರಾಡೊದಿಂದ ಬಂದವನು, ಅವನು ಮನೆಯವನು. ಮೇಡಂ, ಇಲ್ಲಿ ಸ್ವಲ್ಪ ಹುಷಾರು, ಕೋಲು ಊರ್ಕೊಂಡು ಬನ್ನಿ. ಬರುತ್ತೇನಪ್ಪಾ ಬರುತ್ತೇನೆ, ಕೋಲೂ ಇವರದೇ, ಅದರ ಹಿಡಿಯ ಮೇಲೂ ಗೊಂಚಲು, ನೀರಿನ ಬಾಟಲಿಯ ಮೇಲೂ ಗೊಂಚಲು, ಕಡಲಿಗೊಂದು ಅಚ್ಚು ಒತ್ತುವುದು ಬಾಕಿ. ಎಲ್ಲ ಜನೆಲ್ ಮಾಡಿದ್ದು, ನನ್ನ ತಮ್ಮನ ಮಗಳು, ಒಳ್ಳೆಯ ಹುಡುಗಿ, ಬಯ್ಯಲೂ ಆಗುವುದಿಲ್ಲ, ಅತ್ತೆ ನಿಮ್ಮ ಹುಟ್ಟುಹಬ್ಬಕ್ಕೆ ಅಂತ ಬುಕ್ ಮಾಡಿದೀನಿ, ದಂಡೆವರೆಗೂ ನಡಿಗೆ, ಕೊನೆಗೆ ಅಲ್ಲೇ ವೈನು, ಗೇಟು ಹಾಕಿದಾಗಿಂದ ಒಂದೇ ಸಮ ಕೊರಗ್ತಾ ಇದ್ರಲ್ಲ, ನೋಡ್ಕೊಂಡು ಬರೋಣ, ಬೇಡ ಅನ್ಬೇಡಿ, ದುಡ್ಡು ವಾಪಸ್ ಕೊಡಲ್ವಂತೆ. ನನ್ನದೇ ದಾರಿಗೆ ನನಗೇ ಟಿಕೆಟ್ಟು ತೆಗೆಸಿ ಬಣ್ಣದ ಕಾಗದ ಸುತ್ತಿ ಕೈಗೆ ಕೊಟ್ಟಳು, ನಾನು ಅವಳ ಕೆನ್ನೆಗೆ ಮುತ್ತು ಕೊಟ್ಟೆ, ಮಾಡುವುದೇನು, ಮುಖ ಅಷ್ಟು ಅರಳಿತ್ತು. ಗಂಧಕದ ವಾಸನೆ ಬರುತ್ತಿದೆ, ದ್ರಾಕ್ಷಿಬಳ್ಳಿಗಳಿಗೆ ಹೊಡೆದಿರುತ್ತಾರೆ, ಇಲ್ಲೆಲ್ಲ ಕುರಿ ಮೇಯುತ್ತಿದ್ದವು, ಆಗ ಈ ಜಮೀನಿನ ಒಡೆಯರಾಗಿದ್ದ ಪ್ರುಯಿಟ್ ಅವರ ಕುರಿಗಳು, ಆಗ ಕುರಿಹಿಕ್ಕೆಯ ವಾಸನೆ, ಕಾಡುಸೋಂಪಿನ ವಾಸನೆ, ಈಗ ತಂತಿ ಬಿಗಿದ ಸಾಲುಗಳು, ಸಾಲಿನ ತುದಿಗೆ ಒಂದೊಂದು ಗುಲಾಬಿ ಗಿಡ, ಚೆಂದವಾಗಿಯೇ ಇದೆ, ಇಲ್ಲವೆನ್ನುವುದಿಲ್ಲ, ಮಂಜು ಮೇಲೆದ್ದು ಕೆಳಗೆ ಕಡಲು ಕಂಡಾಗ ಎಲ್ಲರೂ ಆಹಾ ಎನ್ನುತ್ತಾರೆ, ನನಗೂ ಎದೆ ಝಲ್ಲೆಂದಿತು, ಮೂರು ವರ್ಷವಾಗಿತ್ತು ನೋಡಿ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬ್ರೆಂಟ್ ನಿಂತ, ಎಲ್ಲರನ್ನೂ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದ, ಕಥೆ ಹೇಳುವ ಜಾಗ ಇದು ಅಂತ ಕಾಣುತ್ತದೆ, ಈ ಕೊಲ್ಲಿ ಇದೆಯಲ್ಲ, ಇದು ನೂರಾರು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿಕೊಂಡಿತ್ತು, ಹಾರ್ಲೊ ಅವರು ಜಮೀನು ತಗೊಂಡ ಮೇಲೇ ಈ ದಾರಿ ಕಡಿಸಿದ್ದು, ಅಂದ, ಗುಂಪಿನಲ್ಲಿದ್ದ ಟೆಕ್ಸಸ್ಸಿನ ದಂಪತಿ ತಲೆಯಾಡಿಸಿದರು, ಹೆಂಡತಿ ಫೋಟೊ ತೆಗೆದಳು. ಯಾರ ಕಣ್ಣಿಗೆ ಬಿದ್ದಿರಲಿಲ್ಲ, ಕುರಿಗಳ ಕಣ್ಣಿಗಾ, ಊರಿನ ಮರದ ಮಿಲ್ಲಿನ ಕಾರ್ಮಿಕರೆಲ್ಲರ ಭಾನುವಾರ ಇಲ್ಲೇ ಕಳೆಯುತ್ತಿತ್ತಲ್ಲ, ವಸಂತದಲ್ಲಿ ನೀರು ತೀರ ಕೆಳಗಿಳಿಯುವ ಬೆಳಗುಗಳಲ್ಲಿ ಫಿನ್ನರು, ಇಟಲಿಯವರು, ನಾವು ಪೋರ್ಚುಗೀಸರು, ಎಲ್ಲರೂ ಗೋಣಿಚೀಲ ಹೆಗಲಿಗೆ ಹಾಕಿಕೊಂಡು, ಹೆಂಗಸರು ಲಂಗ ಎತ್ತಿ ಕಟ್ಟಿಕೊಂಡು ಬಂಡೆಯ ಸಂದಿಗಳಲ್ಲಿ ಕೈಹಾಕಿ ಅಬಲೋನಿ ಹುಡುಕುವುದು, ಅಂಗೈಗಿಂತ ಅಗಲದ ಚಿಪ್ಪು, ಒಳಗೆ ತಿನ್ನುವ ಮಾಂಸ, ಬಂಡೆಗೆ ಕಚ್ಚಿಕೊಂಡರೆ ಜಪ್ಪಯ್ಯ ಎಂದರೂ ಬಿಡದು, ಅಪ್ಪ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ತಿಕ್ಕಿ ಮಾಡಿಕೊಂಡ ಮೀಟುಗೋಲಿನಿಂದ ಒಂದೇ ಏಟಿಗೆ ಎಬ್ಬಿಸುತ್ತಿದ್ದ, ಕಾನೂನಿನ ಅಳತೆಗೆ ಒಂದು ಎಳೆ ಕಡಿಮೆ ಬಿದ್ದರೂ ತೆಗೆದ ಜಾಗದಲ್ಲೇ ತಿರುಗಿ ಇಟ್ಟು ಅದು ಕಚ್ಚಿಕೊಳ್ಳುವವರೆಗೆ ಅಂಗೈಯಲ್ಲಿ ಒತ್ತಿ ಹಿಡಿದಿರುತ್ತಿದ್ದ, ಅಲೆ ಬಂದು ಸೊಂಟದವರೆಗೆ ತೋಯ್ದರೂ ಕೈ ತೆಗೆಯುತ್ತಿರಲಿಲ್ಲ. ಅಮ್ಮ ಮರದ ಕೊರಡಿನ ಮೇಲೆ ಮಾಂಸ ಇಟ್ಟು ಕೊಡತಿಯಿಂದ ಬಡಿದು ಬಡಿದು ಮೆದು ಮಾಡಿ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಅಲ್ಲೇ ಕರಿಯುತ್ತಿದ್ದಳು, ದಂಡೆಯಲ್ಲೆಲ್ಲ ಕೊಡತಿಯ ಸದ್ದು. ಈಗ ಹಿಡಿಯುವ ಹಾಗಿಲ್ಲ, ಕಡಲಲ್ಲೇ ಉಳಿದಿಲ್ಲ, ಸರಿ, ಆ ಕಾನೂನು ನಾನೂ ಒಪ್ಪುತ್ತೇನೆ, ಆದರೆ ಕಡಲು ನೋಡಲು, ಕಲ್ಲಮೇಲೆ ಕೂತು ರೊಟ್ಟಿ ತಿನ್ನಲು, ನನ್ನ ಮನೆಯವರು ತೀರಿಹೋದಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಅಳಲು ಯಾವ ಕಾನೂನು ಅಡ್ಡ. ನಮಗಿಂತ ಮುಂಚೆ ಈ ನೆಲದ ಮೂಲನಿವಾಸಿಗಳು, ಪೊಮೊ ಜನ, ಇದೇ ಜಾಡಿನಲ್ಲಿ ಇಳಿಯುತ್ತಿದ್ದರು, ಅವರನ್ನು ಯಾರು ಕೇಳಿದರು, ಯಾರೂ ಇಲ್ಲ, ನಮ್ಮಪ್ಪನೂ ಇಲ್ಲ, ಕೇಳಬೇಕಾದವರನ್ನು ಕೇಳದೆ — ಮೇಡಂ, ಬನ್ನಿ, ಗುಂಪಿನ ಜೊತೆಗೇ ಇರಿ. ಬಂದೆ.

ಮೇಲೆ, ಈಗ ವೈನ್ ರುಚಿ ನೋಡಿಸುವ ಗಾಜಿನ ಕೋಣೆ ಇದೆಯಲ್ಲ, ಅಲ್ಲಿ ಪ್ರುಯಿಟ್ ಅಮ್ಮನ ಅಡುಗೆಮನೆಯ ಬಾಗಿಲಿತ್ತು, ಹಸಿರು ಬಣ್ಣದ್ದು, ಕೆಳಗೆ ನಾಯಿ ಕೆರೆದ ಗೀರು, ಪ್ರತಿ ಸಲ, ಒಂದು ಸಲವೂ ತಪ್ಪಿಸದೆ ಅಪ್ಪ ಆ ಬಾಗಿಲಿಗೆ ಹೋಗುತ್ತಿದ್ದ, ನಮ್ಮನ್ನೆಲ್ಲ ಬೇಲಿಯ ಹತ್ತಿರ ನಿಲ್ಲಿಸಿ, ಶೂ ಒರೆಸಿಕೊಂಡು, ಟೋಪಿ ತೆಗೆದು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡು. ಅಮ್ಮಾವ್ರೇ, ಕೆಳಗಿಳೀಬೌದಾ ಇವತ್ತು. ಅಯ್ಯೋ ಅಮಾರೊ, ಎಷ್ಟು ಸಲ ಹೇಳಲಿ ನಿಂಗೆ, ದಾರಿ ನನ್ನದಲ್ಲ ಕಣಯ್ಯ, ನಮ್ಮತ್ತೆ ಕಾಲದಿಂದ್ಲೂ ಊರವರದ್ದೇ, ಫಿನ್ನರ ಹುಡುಗರು ನೋಡು ಬೇಲಿ ಹಾರ್ಕೊಂಡು ಆಗಲೇ ಕೆಳಗಿದಾರೆ, ನೀನು ಯಾಕೆ ಬಂದು ನಿಂತ್ಕೋತೀಯ, ಹೋಗು, ನೀರು ಏರಿಬಿಡುತ್ತೆ. ಆಗಲಿ ಅಮ್ಮಾವ್ರೇ, ಬಹಳ ಉಪಕಾರ. ಮುಂದಿನ ಸಲ ಮತ್ತೆ ಅದೇ ಬಾಗಿಲು, ಅದೇ ಮಾತು. ಅಮ್ಮ ರೇಗುತ್ತಿದ್ದಳು, ಕೇಳೋದು ಬೇಡ ಅಂದವರನ್ನೇ ಹಿಡ್ಕೊಂಡು ಕೇಳ್ತೀರಲ್ಲ, ನಿಮಗೇನು ತಲೆ ಕೆಟ್ಟಿದೆಯಾ. ಅಪ್ಪನ ಉತ್ತರ ಒಂದೇ, ಕೇಳಿದ್ರೆ ಗಂಟೇನು ಹೋಗುತ್ತೆ, ನಾವು ಕಡಲಾಚೆಯ ದ್ವೀಪದಿಂದ ಬಂದ ಹೊರಗಿನವರು, ನಾಳೆ ಯಾರೂ ಪೋರ್ಚುಗೀಸರು ನುಗ್ಗಿದ್ರು ಅಂತ ಅನ್ನಬಾರದು. ಅದು ಅವನ ಮರ್ಯಾದೆ, ಮನೆಯಲ್ಲಿ ಬೆಳ್ಳಿಯಿಲ್ಲ ಬಂಗಾರವಿಲ್ಲ, ಅದೊಂದೇ ಇದ್ದದ್ದು, ಅದನ್ನೇ ನಮಗೂ ಕಲಿಸಿದ, ಕೇಳದೆ ಯಾರ ಅಂಗಳಕ್ಕೂ ಕಾಲಿಡಬೇಡಿ, ನಾನು ನನ್ನ ಸ್ವಂತ ತಮ್ಮನ ಮಗಳ ಮನೆಗೂ ಇವತ್ತಿಗೂ ಬಾಗಿಲು ತಟ್ಟಿಯೇ ಹೋಗುವವಳು.

ಹಾರ್ಲೊ ಗೇಟು ಹಾಕಿಸಿದ ಮೇಲೆ ದಾರಿ ಯಾರದ್ದು ಅಂತ ನಡೆದ ಆ ವಿಚಾರಣೆಯ ದಿನ, ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ, ನೀಲಿ ಕೋಟು ತೊಟ್ಟು ಕೂತಿದ್ದೆ, ಕೂದಲನ್ನೂ ಮಾಡಿಸಿಕೊಂಡಿದ್ದೆ, ಊರವರೆಲ್ಲ ಹಿಂದಿನ ಕುರ್ಚಿಗಳಲ್ಲಿ, ಹಳೆಯ ಕಾಲ ನೋಡಿದವಳು ಉಳಿದದ್ದು ನಾನೊಬ್ಬಳೇ ಅಂತ ಎಲ್ಲರ ಆಸೆ ನನ್ನ ಮೇಲೆ, ಡೆಲ್ಫೀನಕ್ಕ ನೀವು ಬಾಯಿಬಿಟ್ರೆ ಸಾಕು ಗೇಟು ಬಿದ್ದ ಹಾಗೇ ಅಂತ ಅಂಚೆ ಕಚೇರಿಯಲ್ಲಿ ಸಿಕ್ಕವರೆಲ್ಲ ಹೇಳಿದ್ದರು. ಹಾರ್ಲೊ ಕಡೆಯ ವಕೀಲೆ, ಕೆಸ್ಲರ್ ಅಂತ ಹೆಸರು, ಗಟ್ಟಿ ದನಿಯವಳು ಕಿರುಚುವವಳು ಇರಬಹುದು ಅಂದುಕೊಂಡಿದ್ದೆ, ಅವಳೋ ನನಗೆ ನೀರು ತರಿಸಿಕೊಟ್ಟಳು, ನಕ್ಕಳು, ನಿಮ್ಮ ತಂದೆ ಬಹಳ ಮರ್ಯಾದಸ್ಥರು ಅಂತ ಕೇಳಿದೀನಿ. ಹೌದು ತಾಯಿ. ಬೇರೆಯವರ ಥರ ಬೇಲಿ ಗೀಲಿ ಹಾರಿದವರಲ್ಲ. ಛೆ, ಎಲ್ಲಾದರೂ ಉಂಟೆ. ಅಂದ್ರೆ ಇಳಿಯೋಕೆ ಮುಂಚೆ ಪ್ರುಯಿಟ್ ಅವರನ್ನ ಕೇಳ್ತಿದ್ರು. ಪ್ರತಿ ಸಲ ಕೇಳ್ತಿದ್ರು, ಒಂದು ಸಲವೂ ಕೇಳದೆ ಇಳಿದವರಲ್ಲ, ನಾವು ಅಂಥ ಜನ ಅಲ್ಲ, ಅಂದೆ, ಎದೆ ಉಬ್ಬಿಸಿಕೊಂಡು ಅಂದೆ, ಮೈಕಿನ ಹತ್ತಿರ ಬಾಗಿ ಇನ್ನೊಮ್ಮೆ ಅಂದೆ, ಟೋಪಿ ತೆಗೆದು ಕೇಳ್ತಿದ್ರು. ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ದೇವರೇ ಎಂದರು, ನಮ್ಮ ವಕೀಲ ಕಣ್ಣು ಮುಚ್ಚಿಕೊಂಡ, ನನಗೆ ಅರ್ಥವೇ ಆಗಲಿಲ್ಲ, ಏನು ತಪ್ಪು ಹೇಳಿದೆ, ಕೆಸ್ಲರ್ ಮಾತ್ರ ನನ್ನ ಕೈ ಮುಟ್ಟಿ ಅಷ್ಟೇ ಸಾಕು, ತುಂಬಾ ಥ್ಯಾಂಕ್ಸ್, ಅಂದಳು. ಅಷ್ಟೇ ಹೇಗೆ ಸಾಕು, ಕೇಳಿದ್ದಕ್ಕೆ ಆಯಮ್ಮ ಏನೆಂದಳು ಎಂದು ಕೇಳಬೇಡವೇ, ದಾರಿ ನನ್ನದಲ್ಲ ಅಂದಳಲ್ಲ, ಎದ್ದು ನಿಂತೆ, ಹೇಳಲು ಬಾಯಿ ತೆರೆದೆ, ಅಧ್ಯಕ್ಷರು ನಿಮ್ಮ ಸಮಯ ಮುಗಿಯಿತು ಅಂದರು. ಹೊರಗೆ ಮೆಟ್ಟಿಲ ಮೇಲೆ ನಮ್ಮ ವಕೀಲ ಸಿಗರೇಟು ಹಚ್ಚಿ ವಿವರಿಸಿದ, ಪಾಪ, ಅವನೂ ಸಂಬಳವಿಲ್ಲದೆ ಬಂದವನು, ಊರವರು ತಮ್ಮದೇ ಅಂತ ನಡೆದಿದ್ರೆ ಮಾತ್ರ ಅದು ಊರ ದಾರಿ ಆಗುತ್ತೆ, ಕೇಳಿ ನಡೆದ್ರೆ ಅದು ಇನ್ನೊಬ್ಬರದ್ದು ಅಂತ ನೀವೇ ಒಪ್ಪಿಕೊಂಡ ಹಾಗೆ, ಆಮೇಲೆ ಆಯಮ್ಮ ಏನಂದ್ರು ಅಂತ ಅವರಿಗೆ ಬೇಕಿಲ್ಲ, ಏನ್ಮಾಡೋದು, ನಿಮ್ಮಪ್ಪ ತಂತಿ ಕತ್ತರಿಸಿ ಇಳಿದಿದ್ರೆ ನಾವು ಗೆದ್ದಿರ್ತಿದ್ವಿ. ನಾನು ಅವನಿಗೆ ಹೊಡೆಯಲಿಲ್ಲ, ಅಷ್ಟೇ. ಇದೆಂಥ ಕಾನೂನು, ನುಗ್ಗಿದವನಿಗೆ ದಾರಿ, ಬಾಗಿಲು ತಟ್ಟಿದವನಿಗೆ ಗೇಟು, ಬೇಲಿ ಹಾರಿದವರೆಲ್ಲ ಸತ್ತುಹೋಗಿ ಕೇಳಿದವನ ಮಗಳೊಬ್ಬಳು ಬದುಕಿದ್ದೇ ಇವರ ಅದೃಷ್ಟ. ದಾರಿ ಹಾರ್ಲೊನದೇ ಅಂತ ತೀರ್ಪು ಬಂದ ಮೇಲೆ ಅಂಚೆ ಕಚೇರಿಯಲ್ಲಿ ಸಿಕ್ಕವರು ಹೇಗಿದ್ದೀರಿ ಡೆಲ್ಫೀನಕ್ಕ ಅಂದರು, ನೆಲ ನೋಡಿಕೊಂಡು ಅಂದರು, ಅದು ಬೈಗುಳಕ್ಕಿಂತ ಕಷ್ಟ. ಇವತ್ತು ಬೆಳಿಗ್ಗೆ ನೋಡಿದೆ, ಗೇಟಿನ ಪಕ್ಕ ಹೊಸ ಫಲಕ, ಮಾಲೀಕರ ಅನುಮತಿಯ ಮೇರೆಗೆ ಮಾತ್ರ ಪ್ರವೇಶ, ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು, ಹಾಗಾದರೆ ಇನ್ನು ಮುಂದೆ ನುಗ್ಗಿ ನಡೆದರೂ ಪ್ರಯೋಜನವಿಲ್ಲ, ಫಲಕ ದಾಟಿದವರೆಲ್ಲ ಅನುಮತಿ ಪಡೆದವರೇ, ಕಳ್ಳಿಯಾಗುವ ಭಾಗ್ಯವನ್ನೂ ಉಳಿಸಲಿಲ್ಲ.

ಮರಳು ಬಂತು, ಕಾಲು ಹೂತಿತು, ಶೂ ಬಿಚ್ಚಬೇಕು ಅನ್ನಿಸಿತು, ಬಿಚ್ಚಲಿಲ್ಲ, ಕೊಡತಿಯ ಕೊರಡು ಇದ್ದ ಕಡೆ ಉದ್ದನೆಯ ಮೇಜು, ಬಿಳಿಯ ಬಟ್ಟೆ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಅಬಲೋನಿ ಚಿಪ್ಪು, ಹಳೆಯ ಚಿಪ್ಪುಗಳು, ಯಾರದೋ ಹಿತ್ತಲಿಂದ ಕೊಂಡದ್ದಿರಬೇಕು, ಒಂದರಲ್ಲಿ ಉಪ್ಪು ಹಾಕಿಟ್ಟಿದ್ದಾರೆ. ಮೇಜಿನ ಹಿಂದೆ ಹಾರ್ಲೊ ತಾನೇ ನಿಂತು ಬಾಟಲಿಯ ಬಿರಡೆ ತೆಗೆಯುತ್ತಿದ್ದಾನೆ, ಉಣ್ಣೆಯ ಅಂಗಿ, ಒಳ್ಳೆಯ ಬಿಳಿ ಹಲ್ಲು, ಮನುಷ್ಯ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು, ಈ ವೈನಿನಲ್ಲಿ ಕಡಲ ಉಪ್ಪುಗಾಳಿ ಇದೆ, ನಾಲಗೆಯ ತುದಿಗೆ ಸಿಗುತ್ತೆ ನೋಡಿ, ಅನ್ನುತ್ತಿದ್ದಾನೆ, ಟೆಕ್ಸಸ್ಸಿನವನು ಹೌದು ಸಿಗುತ್ತೆ ಅನ್ನುತ್ತಿದ್ದಾನೆ. ಹಾರ್ಲೊ ನನ್ನನ್ನು ಗುರುತು ಹಿಡಿದ, ಲೋಟ ಕೆಳಗಿಟ್ಟು ಕೈ ಒರೆಸಿಕೊಂಡು ಮರಳಿನಲ್ಲಿ ನನ್ನ ಕಡೆಗೇ ಬಂದ. ಡೆಲ್ಫೀನಾ ಅವ್ರೆ, ನೀವು ಬಂದಿದ್ದು ಬಹಳ ಸಂತೋಷ, ಮನಸ್ಸಲ್ಲಿ ಏನೂ ಇಟ್ಕೋಬೇಡಿ, ಆ ವಿಚಾರಣೆಯೆಲ್ಲ ವಕೀಲರ ಗಲಾಟೆ, ಇದು ನಿಮ್ಮ ಬಾಲ್ಯದ ಜಾಗ ಅಲ್ವಾ, ಯಾವಾಗ ಬೇಕಾದ್ರೂ ಬನ್ನಿ, ದುಡ್ಡು ಗಿಡ್ಡು ಏನೂ ಬೇಡ, ಮೇಲೆ ಒಂದು ಫೋನ್ ಮಾಡಿ ಕೇಳಿದ್ರೆ ಸಾಕು, ನಾವ್ಯಾರೂ ಇಲ್ಲ ಅನ್ನಲ್ಲ. ಜನೆಲ್ ಮೊಣಕೈಯಿಂದ ತಿವಿದಳು, ನೋಡಿದ್ರಾ ಅತ್ತೆ, ಎಷ್ಟು ಒಳ್ಳೆಯವರು, ಥ್ಯಾಂಕ್ಸ್ ಹೇಳಿ. ಬಾಯಿಗೆ ಬಂದೇಬಿಟ್ಟಿತ್ತು, ಬಹಳ ಉಪಕಾರ ಅನ್ನುವ ಮಾತು, ಅಪ್ಪ ಹಾಲಿನ ಜೊತೆ ಕುಡಿಸಿದ್ದಲ್ಲವೇ, ಹಲ್ಲು ಕಚ್ಚಿ ತಡೆದೆ. ನಾನು ಕೇಳಲ್ಲ, ಅಂದೆ. ಗಟ್ಟಿಯಾಗಿಯೇ ಅಂದೆ, ಬ್ರೆಂಟ್ ತಿರುಗಿ ನೋಡಿದ. ನಾನು ಬರ್ತೀನಿ, ಕೇಳಲ್ಲ, ನಮ್ಮಪ್ಪ ಕೇಳಿದ್ದೇ ಸಾಕು ಏಳು ತಲೆಮಾರಿಗೆ. ನಾನು ಅಂದುಕೊಂಡೆ ಈಗ ಇವನು ರೇಗುತ್ತಾನೆ, ರೇಗಲಿ, ಹೊರಗೆ ಹಾಕಲಿ, ಪೊಲೀಸರನ್ನು ಕರೆಯಲಿ, ಹೆಸರು ಕೇಳಲಿ, ಅಮಾರೊ ಸಿಲ್ವೇರಾನ ಮಗಳು ಅನುಮತಿಯಿಲ್ಲದೆ ನುಗ್ಗಿದ್ದಾಳೆ ಅಂತ ಬರೆದುಕೊಳ್ಳಲಿ. ಹಾರ್ಲೊ ನಕ್ಕ, ಪ್ರೀತಿಯಿಂದ ನಕ್ಕ, ನನ್ನ ಭುಜದ ಮೇಲೆ ಕೈಯಿಟ್ಟ. ಕೇಳೋದೇ ಬೇಡ ಬಿಡಿ ಅಮ್ಮಾ, ನೀವು ಕೇಳದಿದ್ರೂ ನಿಮಗೆ ಅನುಮತಿ ಇದೆ, ಬದುಕಿರೋವರೆಗೂ ಇದೆ, ಈಗಲೇ ಕೊಟ್ಟೆ, ಇವರೆಲ್ಲ ಸಾಕ್ಷಿ. ಟೆಕ್ಸಸ್ಸಿನವಳು ಅಯ್ಯೋ ಎಷ್ಟು ಚೆಂದ ಅಂದಳು, ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು, ಜನೆಲ್ ಕಣ್ಣೊರೆಸಿಕೊಂಡಳು, ನನ್ನ ಕೈಗೆ ವೈನಿನ ಲೋಟ ಬಂತು.

ನೀರು ಏರುತ್ತಿದೆ, ಬಂಡೆಗಳು ಒಂದೊಂದೇ ಮುಳುಗುತ್ತಿವೆ, ಏನಾದರೂ ಹೇಳಬೇಕು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಲೋಟ ಎಸೆಯಬಹುದು, ಎಸೆದರೆ ಹುಚ್ಚು ಮುದುಕಿ, ಎಸೆಯದಿದ್ದರೆ ಒಳ್ಳೆಯ ಮುದುಕಿ, ಏನು ಮಾಡಿದರೂ ಅನುಮತಿ ಪಡೆದ ಮುದುಕಿಯೇ, ಹೋಗು ಅಮಾರೊ ನೀರು ಏರಿಬಿಡುತ್ತೆ, ಹೋಗಪ್ಪಾ, ಆಯಮ್ಮ ಹೋಗು ಅನ್ನುತ್ತಿದ್ದಾಳೆ ಕೇಳಿಸುತ್ತಿಲ್ಲವೇ, ಫಿನ್ನರ ಹುಡುಗರು ಆಗಲೇ ಕೆಳಗಿದ್ದಾರೆ, ಬೇಲಿಯ ಹತ್ತಿರ ನಾವು ಕಾಯುತ್ತಿದ್ದೇವೆ, ಅಮ್ಮ ರೇಗುತ್ತಿದ್ದಾಳೆ, ಯಾಕೆ ನಿಂತೆ, ಸಾಕು, ಆ ಟೋಪಿ ತಲೆಯ ಮೇಲಿಟ್ಟುಕೋ ಅಪ್ಪಾ, ತಲೆಯ ಮೇಲಿಟ್ಟುಕೊಂಡು ಇಳಿ — ಅಪ್ಪ ಹಸಿರು ಬಾಗಿಲ ಮುಂದೆ ನಿಂತೇ ಇದ್ದಾನೆ, ಎರಡೂ ಕೈಯಲ್ಲಿ ಎದೆಯ ಹತ್ತಿರ ಟೋಪಿ, ಅಂಚು ಹಿಡಿದು ತಿರುಗಿಸುತ್ತಿದ್ದಾನೆ, ತಿರುಗಿಸುತ್ತಿದ್ದಾನೆ.